ದುಡಿಯುವ ಕೈಗೆ ಬಿಡುವು ತಂದುಕೊಟ್ಟ ನಾರಾಯಣ ಮೇಘಾಜಿ ಲೋಖಂಡೆ

ರವಿವಾರದ ಸೂಟಿ ಎಂಬುದು ಸೂರ್ಯಚಂದ್ರರಂತೆ ಮೊದಲಿನಿಂದಲೂ ಇದ್ದದ್ದೆಂದೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಬುತ್ತಿ ಬಿಚ್ಚಿ ಊಟಕ್ಕೆ ಕೂಡುವುದೂ ಹಾಗೆಯೇ. ಆದರೆ ನಮ್ಮ ದೇಶದ ಗಿರಣಿಗಳಲ್ಲಿ ದುಡಿಯುತ್ತಿದ್ದ ಜನಕ್ಕೆ ಒಂದು ಕಾಲಕ್ಕೆ ಇವೆರಡೂ ಇರಲಿಲ್ಲ. ಯಾರೋ ಕೇಳಿದರು, ಕೇಳುತ್ತಲೇ ಇದ್ದರು, ಆದ್ದರಿಂದ ಅವು ದೊರೆತವು. ಹಾಗೆ ಕೇಳಿದವರಲ್ಲಿ ಮೊದಲಿಗರಾಗಿ ನಿಲ್ಲುವವರು ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆಯವರು. ಭಾರತದ ಕಾರ್ಮಿಕ ಚಳವಳಿಯ ಪಿತಾಮಹರೆಂದು ಅವರನ್ನು ಗೌರವಿಸುತ್ತಾರೆ. ಮರಾಠಿಯಲ್ಲಿ ಲೋಖಂಡವೆಂದರೆ ಕಬ್ಬಿಣ. ಅವರ ಬಾಳನ್ನು ನೋಡಿದರೆ ಆ ಹೆಸರು ಅವರಿಗೆ ಒಪ್ಪುವಂಥದೇ ಎಂದು ನಮಗೆ ಅನಿಸುತ್ತದೆ.

ನಮ್ಮ ಸೊಲ್ಲಾಪುರವು ಗಿರಣಿಗಳ ಊರೆಂದು ಹೆಸರಾದದ್ದು. 1877ರಲ್ಲಿ ಇಲ್ಲಿ ಮೊದಲ ಬಟ್ಟೆಗಿರಣಿ ಕೆಲಸ ಆರಂಭಿಸಿತು. ಹಿರಿಯರು ಅದನ್ನು ಜುನೀ ಗಿರಣಿ ಎಂದು ಕರೆಯುತ್ತಿದ್ದರು. ಕನ್ನಡ, ಮರಾಠಿ, ತೆಲುಗು ಮಾತನಾಡುವ ಮನೆತನಗಳು ಗಿರಣಿಯ ಭೋಂಗಾ ಕೇಳಿ ಏಳುತ್ತ, ಅದನ್ನೇ ಕೇಳಿ ಮಲಗುತ್ತ ಬದುಕು ಸಾಗಿಸಿದವು. ಆ ಹಳೆಯ ಗಿರಣಿಗಳು ಇಂದು ಮುಚ್ಚಿಹೋಗಿವೆ. ಆದರೂ ಗಿರಣಿಗಾರನ ದುಡಿಮೆಯ ಕಥೆ ನಮಗೆ ಪರಕೀಯವಲ್ಲ. ಆದ್ದರಿಂದಲೇ ಈ ಮಹನೀಯರ ಚರಿತ್ರೆಯನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದೆ ಇಡಲು ನಾವು ಬಯಸಿದ್ದೇವೆ.

ಬಾಲ್ಯ ಮತ್ತು ಉದ್ಯೋಗ

ಲೋಖಂಡೆಯವರು 1848ರಲ್ಲಿ ಮುಂಬಯಿಯ ಹತ್ತಿರದ ಠಾಣೆಯಲ್ಲಿ ಹುಟ್ಟಿದರು. ಹೂವು ಬೆಳೆಯುವ ಮಾಳಿ ಸಮಾಜದ ಬಡ ಕುಟುಂಬ. ಆ ಕಾಲದಲ್ಲಿ ಅಂಥ ಮನೆಯ ಹುಡುಗನು ಇಂಗ್ಲಿಷ್ ಕಲಿತು ಮೆಟ್ರಿಕ್‌ವರೆಗೆ ಓದುವುದು ಸಾಮಾನ್ಯ ಮಾತಾಗಿರಲಿಲ್ಲ. ಅವರು ಓದಿದರು. ಮುಂದೆ ಓದುವ ಅನುಕೂಲವಿಲ್ಲದೆ ನೌಕರಿ ಹಿಡಿದರು. ರೇಲ್ವೆಯಲ್ಲಿ, ಅಂಚೆ ಖಾತೆಯಲ್ಲಿ ಕೆಲವು ಕಾಲ ಕೆಲಸ ಮಾಡಿ, ಬಳಿಕ ಮುಂಬಯಿಯ ಮಾಂಡವಿಯ ಬಟ್ಟೆಗಿರಣಿಯೊಂದರ ಕಚೇರಿಗೆ ಸೇರಿಕೊಂಡರು. ಗಿರಣಿಯ ಒಳಗೆ ಜನ ಹೇಗೆ ದುಡಿಯುತ್ತಾರೆಂಬುದನ್ನು ಅವರು ತಮ್ಮ ಕಣ್ಣಿನಿಂದ ನೋಡಿದ್ದು ಅಲ್ಲಿಯೇ.

ಇದೇ ಕಾಲದಲ್ಲಿ ಅವರ ಮನಸ್ಸನ್ನು ತಿದ್ದಿದವರು ಪುಣೆಯ ಮಹಾತ್ಮಾ ಜೋತಿಬಾ ಫುಲೆಯವರು. ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದ್ದರು. ಮನುಷ್ಯರಲ್ಲಿ ಮೇಲುಕೀಳಿಲ್ಲ, ವಿದ್ಯೆ ಎಲ್ಲರಿಗೂ ಸಲ್ಲಬೇಕು, ದುಡಿಯುವ ರೈತನೂ ಕೂಲಿಯೂ ಮಾನದಿಂದ ಬಾಳಬೇಕು ಎಂಬುದು ಆ ಸಮಾಜದ ತತ್ವ. ಲೋಖಂಡೆಯವರು ಅದರ ನಿಷ್ಠಾವಂತ ಕಾರ್ಯಕರ್ತರಾದರು. ಗುರುಗಳು ಹೊಲದ ರೈತನಿಗಾಗಿ ಹೇಳಿದ ಮಾತನ್ನು ಶಿಷ್ಯರು ಗಿರಣಿಯ ಬಾಗಿಲಿಗೆ ಒಯ್ದರು ಎಂದು ನಾವು ಹೇಳಬಹುದು.

ಅಂದಿನ ಗಿರಣಿಯ ಬಾಳು

ಮುಂಬಯಿಯಲ್ಲಿ ಮೊದಲ ಹತ್ತಿಗಿರಣಿಯ ಕಂಪನಿಯನ್ನು ಕಾವಸಜಿ ನಾನಾಭಾಯಿ ದಾವರರು 1854ರಲ್ಲಿ ಕಟ್ಟಿದರು. ಗಿರಣಿಯ ಚಕ್ರ ತಿರುಗಿದ್ದು 1856ರಲ್ಲಿ. ನಂತರ ಒಂದರ ಹಿಂದೊಂದು ಗಿರಣಿಗಳೆದ್ದವು. ಕೊಂಕಣದಿಂದಲೂ ಘಟ್ಟದ ಮೇಲಿನ ಬರಗಾಲದ ಜಿಲ್ಲೆಗಳಿಂದಲೂ ಜನ ಹೊಟ್ಟೆಪಾಡಿಗೆ ಅಲ್ಲಿಗೆ ಹೋದರು.

ಆಗ ಗಿರಣಿಗಳಲ್ಲಿ ವಿದ್ಯುದ್ದೀಪಗಳಿರಲಿಲ್ಲ. ಸೂರ್ಯ ಮೂಡಿದಾಗ ಯಂತ್ರ ಆರಂಭ, ಸೂರ್ಯ ಮುಳುಗಿದಾಗ ನಿಲುಗಡೆ. ಆದ್ದರಿಂದ ಚಳಿಗಾಲದಲ್ಲಿ ಹತ್ತು ಹನ್ನೊಂದು ತಾಸು, ಬೇಸಿಗೆಯಲ್ಲಿ ಹದಿಮೂರು ಹದಿನಾಲ್ಕು ತಾಸು ದುಡಿಮೆ. ಹಗಲು ಬೆಳೆದಂತೆ ಕೆಲಸವೂ ಬೆಳೆಯುತ್ತಿತ್ತು, ಪಗಾರ ಮಾತ್ರ ಬೆಳೆಯುತ್ತಿರಲಿಲ್ಲ. ವಾರದ ಸೂಟಿ ಎಂಬುದು ಇರಲಿಲ್ಲ. ವರ್ಷದಲ್ಲಿ ಕೆಲವು ಹಬ್ಬಗಳಿಗೆ ಗಿರಣಿ ನಿಲ್ಲುತ್ತಿತ್ತು, ಅಷ್ಟೆ. ಕೆಲವು ಗಿರಣಿಗಳು ರವಿವಾರ ನಿಂತರೂ, ಯಂತ್ರ ಒರೆಸಿ ಎಣ್ಣೆ ಹಾಕಲೆಂದು ಜನರನ್ನು ಅರ್ಧ ದಿನ ಕರೆಯುತ್ತಿದ್ದರು. ಯಂತ್ರಕ್ಕೆ ಸಿಕ್ಕ ಬಿಡುವು ಮನುಷ್ಯನಿಗೆ ಸಿಗುತ್ತಿರಲಿಲ್ಲ.

ಊಟದ ಮಾತನ್ನಂತೂ ಕೇಳಲೇಬಾರದು. ಮಧ್ಯಾಹ್ನ ಊಟಕ್ಕೆಂದು ಯಂತ್ರ ನಿಲ್ಲಿಸಲೇಬೇಕೆಂಬ ಕಟ್ಟುನಿಟ್ಟು ಎಲ್ಲಿಯೂ ಇರಲಿಲ್ಲ. ಪಕ್ಕದವನಿಗೆ ತನ್ನ ಸಾಂಚೆ ನೋಡಿಕೊಳ್ಳಲು ಹೇಳಿ, ಹತ್ತಿಯ ಧೂಳು ಹಾರುವಲ್ಲಿಯೇ ಭಾಕರಿ ಮುರಿದು ಬಾಯಿಗೆ ಹಾಕಿಕೊಳ್ಳಬೇಕು. ಆತ ಉಂಡು ಬಂದ ಮೇಲೆ ಈತನ ಸರದಿ. ಅಷ್ಟರಲ್ಲಿ ನೂಲು ಹರಿದರೆ ದಂಡ.

ಮಕ್ಕಳ ಗತಿಯೂ ಇದೇ. ಈ ಶಾಲೆಯಲ್ಲಿ ನಾವು ಅಕ್ಷರ ತಿದ್ದುವ ವಯಸ್ಸಿನಲ್ಲಿ ಅವರು ಗಿರಣಿಯಲ್ಲಿ ನೂಲಿನ ಉರುಳೆ ಎತ್ತುತ್ತಿದ್ದರು. 1881ರ ಕಾರಖಾನೆ ಕಾನೂನು ಏಳು ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಡಬಾರದೆಂದೂ, ಏಳರಿಂದ ಹನ್ನೆರಡು ವರ್ಷದ ಮಕ್ಕಳಿಂದ ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದೆಂದೂ ವಿಧಿಸಿತು. ಅವರಿಗೆ ದಿನಕ್ಕೊಂದು ತಾಸು ಬಿಡುವು, ತಿಂಗಳಿಗೆ ನಾಲ್ಕು ದಿನ ಸೂಟಿ. ಅದೂ ನೂರು ಜನಕ್ಕೆ ಕಡಿಮೆಯಿಲ್ಲದ ಕಾರಖಾನೆಗಳಿಗೆ ಮಾತ್ರ. ದೊಡ್ಡ ಗಂಡಸರು, ಹೆಂಗಸರು ಎಷ್ಟು ತಾಸು ದುಡಿಯಬೇಕೆಂಬ ಬಗ್ಗೆ ಆ ಕಾನೂನು ಒಂದು ಮಾತೂ ಆಡಲಿಲ್ಲ.

ದೀನಬಂಧುವಿನ ಸಂಪಾದಕರು

1877ರಲ್ಲಿ ಕೃಷ್ಣರಾವ್ ಭಾಲೇಕರರು ಪುಣೆಯಲ್ಲಿ ದೀನಬಂಧು ಎಂಬ ಮರಾಠಿ ವಾರಪತ್ರಿಕೆಯನ್ನು ಆರಂಭಿಸಿದ್ದರು. ಹಣದ ತೊಂದರೆಯಿಂದ ಅದು ನಡೆಯದಾಯಿತು. 1880ರಲ್ಲಿ ಲೋಖಂಡೆಯವರು ಅದನ್ನು ಮುಂಬಯಿಗೆ ತಂದು ಸಂಪಾದಕತ್ವದ ಭಾರ ಹೊತ್ತರು. ಕೊನೆಯವರೆಗೂ ಆ ಭಾರವನ್ನು ಇಳಿಸಲಿಲ್ಲ. ಗಿರಣಿಯ ತಾಸುಗಳು, ತಡವಾಗುವ ಪಗಾರ, ದಂಡ, ಅಪಘಾತ ಇವೆಲ್ಲ ದೀನಬಂಧುವಿನ ಪುಟಗಳಲ್ಲಿ ಕಾಣತೊಡಗಿದವು. ಅಕ್ಷರ ಬಾರದ ಗಿರಣಿಗಾರರಿಗೆ ಬಲ್ಲವರು ಅದನ್ನು ಓದಿ ಹೇಳುತ್ತಿದ್ದರು.

ಒಂದು ವಿಷಯವನ್ನು ಇಲ್ಲಿ ಮರೆಯಬಾರದು. ಆ ಕಾಲದ ದೊಡ್ಡ ದೊಡ್ಡ ದೇಶಾಭಿಮಾನಿ ಪತ್ರಿಕೆಗಳು ಕಾರಖಾನೆ ಕಾನೂನನ್ನು ವಿರೋಧಿಸುತ್ತಿದ್ದವು. ಅವರ ವಾದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಶಾಯರದ ಗಿರಣಿ ಮಾಲಕರಿಗೆ ನಮ್ಮ ಗಿರಣಿಗಳ ಏಳಿಗೆ ಸಹಿಸುತ್ತಿರಲಿಲ್ಲ. ಇಲ್ಲಿಯ ದುಡಿಮೆಯ ತಾಸು ಕಡಿಮೆಯಾದರೆ ತಮ್ಮ ಬಟ್ಟೆಗೆ ಗಿರಾಕಿ ಹೆಚ್ಚುವುದೆಂದು ಅವರು ಲಂಡನ್ನಿನಲ್ಲಿ ಒತ್ತಡ ತರುತ್ತಿದ್ದರು. ಆದ್ದರಿಂದ ಕಾನೂನು ಬೇಡವೆನ್ನುವುದೇ ದೇಶಸೇವೆ ಎಂದು ಹಲವರಿಗೆ ಕಂಡಿತು. ಲೋಖಂಡೆಯವರು ಈ ಪ್ರವಾಹಕ್ಕೆ ಎದುರಾಗಿ ನಿಂತರು. ಮ್ಯಾಂಚೆಸ್ಟರಿನವರ ಹೊಟ್ಟೆಕಿಚ್ಚು ನಿಜವಿರಬಹುದು, ಆದರೆ ಗಿರಣಿಗಾರನ ಆಯಾಸವೂ ನಿಜವೇ. ದೇಶದ ಉದ್ಯಮ ಬೆಳೆಯಬೇಕಾದದ್ದು ದೇಶದ ಜನರ ಬೆನ್ನು ಮುರಿದಲ್ಲ ಎಂಬುದು ಅವರ ನಿಲುವಾಗಿತ್ತು. ಇಂಥ ನಿಲುವಿಗೆ ಧೈರ್ಯ ಬೇಕು.

1884ರ ಐದು ಬೇಡಿಕೆಗಳು

1884ರಲ್ಲಿ ಮುಂಬಯಿ ಸರಕಾರ ಕಾರಖಾನೆಗಳ ಸ್ಥಿತಿಗತಿಯನ್ನು ವಿಚಾರಿಸಲು ಒಂದು ಆಯೋಗವನ್ನು ನೇಮಿಸಿತು. ಇದೇ ಸಮಯವೆಂದು ಲೋಖಂಡೆಯವರು ಸಪ್ಟೆಂಬರ 23 ಮತ್ತು 26ರಂದು ಪರಳದಲ್ಲಿ ಗಿರಣಿಗಾರರ ಸಭೆಗಳನ್ನು ಕೂಡಿಸಿದರು. ಅಲ್ಲಿ ಒಪ್ಪಿದ ಬೇಡಿಕೆಗಳನ್ನು ಬರೆದು, 5,500 ಜನರ ಸಹಿ ಪಡೆದು, ಆಯೋಗದ ಮುಂದೆ ಇಟ್ಟರು. ಮುಂಬಯಿ ಗಿರಣಿಗಾರರ ಸಂಘವು ಈ ವರ್ಷವೇ ಹುಟ್ಟಿತೆಂದು ಹೇಳುತ್ತಾರೆ. ಲೋಖಂಡೆಯವರೇ ಅದರ ಅಧ್ಯಕ್ಷರು.

ಬೇಡಿಕೆಗಳು ಐದು. ಮೊದಲನೆಯದು, ರವಿವಾರ ಪೂರ್ತಿ ಸೂಟಿ. ಎರಡನೆಯದು, ಮಧ್ಯಾಹ್ನ ಅರ್ಧ ತಾಸು ಬಿಡುವು. ಮೂರನೆಯದು, ಮುಂಜಾನೆ ಆರೂವರೆಗೆ ಕೆಲಸ ಆರಂಭವಾಗಿ ಸೂರ್ಯಾಸ್ತಕ್ಕೆ ಮುಗಿಯಬೇಕು. ನಾಲ್ಕನೆಯದು, ಒಂದು ತಿಂಗಳ ಪಗಾರ ಮುಂದಿನ ತಿಂಗಳ 15ನೆಯ ತಾರೀಖಿನ ಒಳಗೆ ಕೈಗೆ ಬರಬೇಕು. ಐದನೆಯದು, ಯಂತ್ರಕ್ಕೆ ಸಿಕ್ಕು ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ತಿ ಪಗಾರ, ಕೈಕಾಲು ಕಳೆದುಕೊಂಡು ದುಡಿಯಲಾರದವನಿಗೆ ಬದುಕಿಗೆ ಆಧಾರ.

ಇಂದು ಓದಿದರೆ ಇವು ಎಷ್ಟು ಸಣ್ಣ ಬೇಡಿಕೆಗಳೆಂದು ಅನಿಸುತ್ತದೆ! ಸೂರ್ಯೋದಯದ ಬದಲು ಆರೂವರೆ, ಅರ್ಧ ತಾಸಿನ ಬಿಡುವು, ಅರ್ಧ ತಿಂಗಳು ತಡವಾದರೂ ಸರಿ ಬರುವ ಪಗಾರ. ಪಗಾರ ತಡವಾದರೆ ಅಂಗಡಿಯವನಲ್ಲಿ ಉದ್ರಿ, ಸಾವಕಾರನಲ್ಲಿ ಬಡ್ಡಿಸಾಲ. ದುಡಿದ ಹಣವೇ ಗಿರಣಿಯಲ್ಲಿ ಉಳಿದಿರುವಾಗ ಗಿರಣಿಗಾರನು ಬಡ್ಡಿ ಕಟ್ಟಿ ಉಣ್ಣಬೇಕಾಗಿತ್ತು.

ಮಾಲಕರು ಇದಕ್ಕೆ ಕೊಟ್ಟ ಉತ್ತರ ವಿಚಾರ ಮಾಡುವಂಥದು. ನಮ್ಮ ಜನ ಇಂಗ್ಲೆಂಡಿನವರಂತೆ ಒಂದೇ ಸಮನೆ ದುಡಿಯುವುದಿಲ್ಲ, ನಡುನಡುವೆ ಎದ್ದು ಹೋಗಿ ತಂಬಾಕು ಸೇದುತ್ತಾರೆ, ಅಂಗಳದಲ್ಲಿ ತಿರುಗಾಡುತ್ತಾರೆ. ಹೀಗೆ ಬೇಕಾದಷ್ಟು ಬಿಡುವು ತಾವೇ ತೆಗೆದುಕೊಳ್ಳುವವರಿಗೆ ಬೇರೆ ಬಿಡುವು ಏಕೆ ಎಂಬುದು ಅವರ ವಾದ. ಜನ ಎದ್ದು ಹೋಗುತ್ತಿದ್ದುದು ನಿಜ. ಹದಿಮೂರು ತಾಸು ನಿಂತೇ ದುಡಿಯುವುದು ಯಾವ ಮನುಷ್ಯನಿಂದಲೂ ಆಗದ ಮಾತು. ಆದರೆ ಕದ್ದು ಪಡೆದ ಬಿಡುವಿಗೂ ಹಕ್ಕಿನಿಂದ ಪಡೆದ ಬಿಡುವಿಗೂ ಅಂತರವಿದೆ. ಕದ್ದ ಬಿಡುವು ಮುಕಾದಮನ ಮರ್ಜಿಯ ಮೇಲೆ ನಿಂತದ್ದು. ಅವನಿಗೆ ಬೇಕಾದವನು ಹೊರಗೆ ಹೋಗಬಹುದು, ಬೇಡಾದವನಿಗೆ ದಂಡ ಬೀಳುತ್ತದೆ. ಎದ್ದು ಹೋದವನು ಸೋಮಾರಿ ಎಂಬ ಹೆಸರನ್ನೂ ಹೊರಬೇಕು. ಯಂತ್ರವೇ ನಿಂತರೆ ಎಲ್ಲರೂ ಒಟ್ಟಿಗೆ ತಲೆಯೆತ್ತಿ ಉಣ್ಣುತ್ತಾರೆ. ಲೋಖಂಡೆಯವರ ಬೇಡಿಕೆಯ ತಿರುಳು ಇದೇ ಎಂದು ನಾವು ತಿಳಿಯುತ್ತೇವೆ. ಅವರು ದಯೆ ಕೇಳಲಿಲ್ಲ, ನಿಯಮ ಕೇಳಿದರು.

ಆ ಸಲ ಅವರ ಮನವಿಯಿಂದ ಕಾನೂನೇನೂ ಬದಲಾಗಲಿಲ್ಲ. ಆದರೂ ಅವರು ಕೈ ಕಟ್ಟಿ ಕೂಡಲಿಲ್ಲ.

1890ರ ಜೂನ್ 10

ಆರು ವರ್ಷಗಳ ಬಳಿಕ, 1890ರ ಏಪ್ರಿಲ್ 24ರಂದು, ಮುಂಬಯಿಯ ಮಹಾಲಕ್ಷ್ಮಿಯ ಬಯಲಿನಲ್ಲಿ ಗಿರಣಿಗಾರರ ದೊಡ್ಡ ಸಭೆ ನೆರೆಯಿತು. ಸುಮಾರು 10,000 ಜನ ಕೂಡಿದ್ದರು. ಇಬ್ಬರು ಗಿರಣಿಗಾರ ಹೆಣ್ಣುಮಕ್ಕಳೂ ಎದ್ದು ನಿಂತು ಮಾತನಾಡಿದರು. ಹೆಂಗಸರು ಸಭೆಯಲ್ಲಿ ಮಾತನಾಡುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ವಾರಕ್ಕೊಂದು ದಿನ ಸೂಟಿ ಕೊಡಬೇಕೆಂಬ ಮನವಿಯನ್ನು ಗಿರಣಿ ಮಾಲಕರ ಸಂಘಕ್ಕೆ ಕಳಿಸಲಾಯಿತು.

ರವಿವಾರವನ್ನೇ ಏಕೆ ಕೇಳಿದರು? ಸರಕಾರಿ ಕಚೇರಿಗಳು ಅಂದು ಮುಚ್ಚಿರುತ್ತಿದ್ದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನೂ ಹೇಳುವುದುಂಟು. ಮಹಾರಾಷ್ಟ್ರದ ಬಹುಜನರ ಕುಲದೈವವಾದ ಖಂಡೋಬನ ವಾರ ರವಿವಾರ. ಕನ್ನಡಿಗರಾದ ನಾವು ಆ ದೇವರನ್ನೇ ಮೈಲಾರಲಿಂಗನೆಂದು ಪೂಜಿಸುತ್ತೇವೆ. ನಮ್ಮ ಸೊಲ್ಲಾಪುರದ ಬಾಳೆಯಲ್ಲಿಯೂ ಖಂಡೋಬನ ಗುಡಿಯಿದೆ. ದೇವರ ವಾರವನ್ನು ಪಾಲಿಸಲು, ಮನೆಮಕ್ಕಳೊಡನೆ ಒಂದು ಹೊತ್ತು ಕೂಡಲು, ಬಟ್ಟೆಬರೆ ಒಗೆದುಕೊಳ್ಳಲು ಒಂದು ದಿನ ಬೇಕೆಂಬುದು ಎಂಥವನಿಗೂ ತಿಳಿಯುವ ಮಾತು.

1890ರ ಜೂನ್ 10ರಂದು ಗಿರಣಿ ಮಾಲಕರ ಸಂಘವು ರವಿವಾರದ ಸೂಟಿಗೆ ಒಪ್ಪಿಗೆ ಕೊಟ್ಟಿತು. ಕಾನೂನಿನ ಒತ್ತಾಯವಿಲ್ಲದೆ, ದುಡಿಯುವವರ ಒಗ್ಗಟ್ಟಿನಿಂದಲೇ ಈ ಜಯ ದೊರೆಯಿತು.

ಅದೇ ವರ್ಷ ಭಾರತ ಸರಕಾರ ಮತ್ತೊಂದು ಕಾರಖಾನೆ ಆಯೋಗವನ್ನು ನೇಮಿಸಿದಾಗ, ಮುಂಬಯಿಯಲ್ಲಿ ಅದರ ಕೆಲಸದಲ್ಲಿ ಲೋಖಂಡೆಯವರಿಗೂ ಸ್ಥಾನ ದೊರೆಯಿತು. ಹಿಂದೆ ಮನವಿ ಹಿಡಿದು ಹೊರಗೆ ನಿಂತವರು ಈಗ ಒಳಗೆ ಕುಳಿತು ವಿಚಾರಿಸುವವರಾದರು. ಇದರ ಫಲವಾಗಿ ಬಂದ 1891ರ ಕಾನೂನು ವಾರದ ಸೂಟಿಯನ್ನು ಕಡ್ಡಾಯ ಮಾಡಿತು. ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಅರ್ಧ ತಾಸು ಕೆಲಸ ನಿಲ್ಲಬೇಕೆಂದಿತು. ಪಾಳಿಯ ಮೇಲೆ ನಡೆಯುವ ಕಾರಖಾನೆಗಳಿಗೆ ಮಾತ್ರ ವಿನಾಯಿತಿ. ಹೆಂಗಸರಿಗೆ ಹನ್ನೊಂದು ತಾಸಿನ ಮಿತಿ, ಒಂದೂವರೆ ತಾಸಿನ ಬಿಡುವು. ಒಂಬತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಏಳು ತಾಸಿನ ಮಿತಿ. ಐವತ್ತು ಜನರಿರುವ ಕಾರಖಾನೆಯೂ ಕಾನೂನಿನ ಒಳಗೆ ಬಂತು.

ಲೋಖಂಡೆಯವರ ಸಂಘಕ್ಕೆ ಸದಸ್ಯರ ಪಟ್ಟಿಯಿರಲಿಲ್ಲ, ನಿಧಿಯಿರಲಿಲ್ಲ, ನಿಯಮಾವಳಿಯಿರಲಿಲ್ಲ. ಆದ್ದರಿಂದ ಅದು ನಿಜವಾದ ಸಂಘವೇ ಅಲ್ಲವೆಂದು ಅಂದಿನ ಸರಕಾರಿ ವರದಿಯೊಂದು ಬರೆಯಿತು. ವರದಿಯ ಮಾತು ಸುಳ್ಳಲ್ಲ. ವಂತಿಗೆ ಕೊಡಲು ಕೈಯಲ್ಲಿ ಕಾಸಿಲ್ಲದ, ಹೆಸರು ಬರೆಯಲು ಅಕ್ಷರ ಬಾರದ ಜನ ಅವರು. ಅಂಥವರನ್ನು ಕಟ್ಟಿಕೊಂಡೇ ಅವರು ಇಷ್ಟನ್ನು ಸಾಧಿಸಿದರೆಂಬುದು ಅವರ ಹಿರಿಮೆಯನ್ನು ಹೆಚ್ಚಿಸುತ್ತದೆಯೇ ಹೊರತು ಕುಂದಿಸುವುದಿಲ್ಲ.

ಇತರ ಸೇವೆ ಮತ್ತು ಅಂತ್ಯ

ಅವರ ಕಾರ್ಯ ಗಿರಣಿಗೆ ಮಾತ್ರ ಮೀಸಲಾಗಿರಲಿಲ್ಲ. ವಿಧವೆಯರ ತಲೆ ಬೋಳಿಸುವ ಕ್ರೂರ ಪದ್ಧತಿಯ ವಿರುದ್ಧ 1890ರಲ್ಲಿ ಮುಂಬಯಿಯ ಕ್ಷೌರಿಕರು ತಾವು ಆ ಕೆಲಸಕ್ಕೆ ಕತ್ತಿ ಹಿಡಿಯುವುದಿಲ್ಲವೆಂದು ನಿರ್ಧರಿಸಿದಾಗ, ಅದರ ಹಿಂದೆ ಲೋಖಂಡೆಯವರ ಪ್ರೇರಣೆಯಿತ್ತು. 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ದಂಗೆ ಎದ್ದಾಗ, ಗಿರಣಿಗಾರರನ್ನು ಕೂಡಿಸಿ ಶಾಂತಿ, ಸೌಹಾರ್ದಕ್ಕಾಗಿ ದುಡಿದರು. ಸರಕಾರ ಅವರಿಗೆ ರಾವಬಹಾದ್ದೂರ ಪದವಿಯನ್ನಿತ್ತಿತು.

1896ರಲ್ಲಿ ಮುಂಬಯಿಗೆ ಪ್ಲೇಗ್ ಎಂಬ ಮಹಾಮಾರಿ ಬಂತು. ಅದು ಮೊದಲು ಕಾಣಿಸಿದ್ದು ಮಾಂಡವಿಯಲ್ಲಿಯೇ. ಅನುಕೂಲವಿದ್ದವರು ಊರು ಬಿಟ್ಟರು. ಲೋಖಂಡೆಯವರು ಬಿಡಲಿಲ್ಲ. ರೋಗಿಗಳಿಗಾಗಿ ಆಸ್ಪತ್ರೆ ತೆರೆಯಲು ಓಡಾಡಿದರು. ಕೊನೆಗೆ ಅದೇ ರೋಗ ಅವರನ್ನೂ ಹಿಡಿಯಿತು. 1897ರ ಫೆಬ್ರುವರಿ 9ರಂದು ಅವರು ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ. ಒಂದು ತಿಂಗಳ ನಂತರ, ಮಾರ್ಚ್ 10ರಂದು, ಪುಣೆಯಲ್ಲಿ ಪ್ಲೇಗಿನವರ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರೂ ಅದೇ ರೋಗಕ್ಕೆ ತುತ್ತಾದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಲೋಖಂಡೆಯವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಐದು ಬೇಡಿಕೆಗಳು ಏನಾದವು?

ಅವರು ಸತ್ತ ಮೇಲೆಯೂ ಅವರ ಬೇಡಿಕೆಗಳು ಸಾಯಲಿಲ್ಲ. ಗಿರಣಿಗಳಿಗೆ ವಿದ್ಯುದ್ದೀಪ ಬಂದಾಗ ಮಾಲಕರು ರಾತ್ರಿಯವರೆಗೂ ದುಡಿಸತೊಡಗಿದರು. 1905ರಲ್ಲಿ ಮುಂಬಯಿಯ ಗಿರಣಿಗಾರರು ಅದರ ವಿರುದ್ಧ ಎದ್ದರು. 1911ರ ಕಾನೂನು ಬಟ್ಟೆಗಿರಣಿಯ ಗಂಡಸರಿಗೆ ಮೊದಲ ಸಲ ಹನ್ನೆರಡು ತಾಸಿನ ಮಿತಿ ಹಾಕಿತು. 1922ರಲ್ಲಿ ಅದು ಹನ್ನೊಂದು ತಾಸಾಯಿತು, 1934ರಲ್ಲಿ ಹತ್ತು, 1946ರಲ್ಲಿ ಒಂಬತ್ತು. ಗಾಯಗೊಂಡವರಿಗೆ ಪರಿಹಾರದ ಕಾನೂನು 1923ರಲ್ಲಿ ಬಂತು. ಪಗಾರ ಮುಂದಿನ ತಿಂಗಳ 7 ಅಥವಾ 10ನೆಯ ತಾರೀಖಿನ ಒಳಗೆ ಕೊಡಬೇಕೆಂಬ ಕಾನೂನು 1936ರಲ್ಲಿ ಬಂತು. ಲೋಖಂಡೆಯವರು 15ನೆಯ ತಾರೀಖು ಕೇಳಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರಖಾನೆ ಕಾನೂನು ವಾರಕ್ಕೆ 48 ತಾಸಿನ ಮಿತಿ ಇಟ್ಟಿತು. ಒಂದೇ ಸಮನೆ ಐದು ತಾಸಿಗಿಂತ ಹೆಚ್ಚು ದುಡಿಸಬಾರದು, ಅಷ್ಟರಲ್ಲಿ ಅರ್ಧ ತಾಸಾದರೂ ಬಿಡುವು ಕೊಡಬೇಕು, ಮಿತಿ ಮೀರಿ ದುಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು ಎಂದು ಗೊತ್ತುಮಾಡಿತು. ಆ ಕಾನೂನಿನ ಸ್ಥಾನಕ್ಕೆ ಬಂದ, 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯೂ ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದೆನ್ನುತ್ತದೆ. ಪರಳದ ಸಭೆಯಲ್ಲಿ ಕೇಳಿದ್ದೆಲ್ಲವೂ ಹೀಗೆ ಒಂದೊಂದಾಗಿ ದೇಶದ ಕಾನೂನಾಯಿತು.

ಆದರೂ ಕೆಲಸ ಮುಗಿಯಲಿಲ್ಲ. ನಮ್ಮ ಊರಿನ ಓಣಿಗಳಲ್ಲಿ ಬೀಡಿ ಕಟ್ಟುವ ತಾಯಂದಿರಿದ್ದಾರೆ, ಯಂತ್ರಮಗ್ಗದ ಮೇಲೆ ಚಾದರು, ಟವೆಲು ನೇಯುವ ಅಣ್ಣಂದಿರಿದ್ದಾರೆ. ಎಣಿಕೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಬಿಡುವೆಂದರೆ ಕೂಲಿಯಲ್ಲಿ ಕಡಿತ. ಅವರಲ್ಲಿ ಹಲವರು ಇಂದಿಗೂ ಅವಸರದಿಂದ ಎರಡು ತುತ್ತು ಉಂಡು ಮತ್ತೆ ಕೆಲಸಕ್ಕೆ ಕೂಡುತ್ತಾರೆ. ವಿದ್ಯಾರ್ಥಿ ಮಿತ್ರರೇ, ನಾಳೆ ನಮ್ಮಲ್ಲಿ ಕೆಲವರು ದುಡಿಯುವವರಾಗುತ್ತೇವೆ, ಕೆಲವರು ದುಡಿಸುವವರೂ ಆಗಬಹುದು. ದುಡಿಯುವವರಾದರೆ ನಮ್ಮ ಬಿಡುವನ್ನು ಕದಿಯದೆ, ಹಕ್ಕಿನಿಂದ ಕೇಳಿ ಪಡೆಯೋಣ. ದುಡಿಸುವವರಾದರೆ ಕೇಳುವ ಮೊದಲೇ ಕೊಡೋಣ. ಲೋಖಂಡೆಯವರ ಸ್ಮರಣೆಗೆ ಇದಕ್ಕಿಂತ ಹಿರಿದಾದ ಪೂಜೆ ಇನ್ನೊಂದಿಲ್ಲ.